ಅತ್ತೆ ಊಟ ಬಿಟ್ಟಾಗ

ಅತ್ತೆ ಎಲೆ ಅಡಿಕೆ ಬಿಟ್ಟಾಗ ನಾನು ಅದನ್ನು ಊರೆಲ್ಲ ಹೇಳಿಕೊಂಡು ಓಡಾಡಿದೆ. ಐವತ್ತು ವರ್ಷದ ಅಭ್ಯಾಸ ಅದು. ಒಂದು ಚೂರು ಹೊಗೆಸೊಪ್ಪು ಬಾಯಿಗೆ ಬೀಳದೆ ಅವರಿಗೆ ಬೆಳಗಾಗುತ್ತಿರಲಿಲ್ಲ. ಹಲ್ಲುಗಳು ಒಂದೊಂದಾಗಿ ಹೋದ ಮೇಲೆ ಎಲೆ, ಅಡಿಕೆ, ಸುಣ್ಣ ಎಲ್ಲವನ್ನೂ ಪುಟ್ಟ ಕುಟ್ಟಾಣಿಯಲ್ಲಿ ಕುಟ್ಟಿ, ಆ ಉಂಡೆಯನ್ನು ಎಡಗೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ನಾನು ಅಂಗನವಾಡಿ ಕಾರ್ಯಕರ್ತೆ. ತಾಯಂದಿರ ಸಭೆಯಲ್ಲಿ ತಂಬಾಕು ಕೆಟ್ಟದ್ದು ಎಂದು ಹೇಳಿ ಮನೆಗೆ ಬಂದರೆ ಜಗಲಿಯಲ್ಲಿ ಅತ್ತೆಯ ಕುಟ್ಟಾಣಿ ಸದ್ದು ಮಾಡುತ್ತಿರುತ್ತಿತ್ತು. ಸಭೆಗೆ ಬಂದ ಹೆಂಗಸರೆಲ್ಲ ಅದೇ ದಾರಿಯಲ್ಲಿ ಮನೆಗೆ ಹೋಗುವವರು. ನನಗೆ ನಾಚಿಕೆಯಾಗುತ್ತಿತ್ತು.

ದೀಪಾವಳಿ ಕಳೆದು ಕೆಲವು ದಿನಕ್ಕೆ ಅವರು ತಾವಾಗಿಯೇ ಕುಟ್ಟಾಣಿಯನ್ನು ತೊಳೆದು ಒಣಗಿಸಿ ಅಟ್ಟಕ್ಕೆ ಹಾಕಿದರು. ಯಾಕೆ ಎಂದು ಕೇಳಿದ್ದಕ್ಕೆ ಸಾಕಾಯ್ತು ಎಂದರು, ಅಷ್ಟೇ. ನಾನು ಹಿಗ್ಗಿಹೋದೆ. ಇಪ್ಪತ್ತೇಳು ವರ್ಷ ಸೊಸೆಯಾಗಿ ಹೇಳಿದ್ದು ಕೊನೆಗೂ ಕಿವಿಗೆ ಬಿತ್ತಲ್ಲ ಅಂದುಕೊಂಡೆ. ಮುಂದಿನ ಸಭೆಯಲ್ಲಿ ನಮ್ಮ ಅತ್ತೆಯನ್ನೇ ಉದಾಹರಣೆ ಕೊಟ್ಟೆ. ಆ ದಿನದ ನನ್ನ ಮಾತುಗಳನ್ನು ಈಗ ನೆನೆಸಿಕೊಂಡರೆ ಮೈ ಹಿಡಿಯಾಗುತ್ತದೆ.

ನಮ್ಮದು ಮಲ್ಲಿಪಟ್ಟಣ ಹೋಬಳಿಯ ಸಣ್ಣ ಊರು. ಮನೆಯಲ್ಲಿ ಮೂವರೇ: ಅತ್ತೆ, ನನ್ನ ಗಂಡ, ನಾನು. ಮಗಳನ್ನು ರಾಮನಾಥಪುರಕ್ಕೆ ಕೊಟ್ಟಿದ್ದೇವೆ. ನಮ್ಮವರು ಶುಂಠಿ, ಆಲೂಗಡ್ಡೆ, ಜೋಳ ಬೆಳೆಯುತ್ತಾರೆ. ಅತ್ತೆಗೆ ಆಗ ಎಪ್ಪತ್ತಾರೋ ಎಪ್ಪತ್ತೆಂಟೋ. ಆಧಾರ್ ಕಾರ್ಡಿನಲ್ಲಿ ಒಂದು, ಅವರ ಲೆಕ್ಕದಲ್ಲಿ ಇನ್ನೊಂದು. ಸಕ್ಕರೆ ಕಾಯಿಲೆಗೆ ದಿನಕ್ಕೆರಡು ಮಾತ್ರೆ ನುಂಗುತ್ತಿದ್ದುದು ಬಿಟ್ಟರೆ ಗಟ್ಟಿ ಜೀವ. ಹಿತ್ತಲಿನ ಸೊಪ್ಪು, ಕೊಟ್ಟಿಗೆಯ ಎರಡು ಹಸು, ಎಲ್ಲ ಅವರದೇ ಉಸ್ತುವಾರಿ. ಮಾತು ಮಾತ್ರ ಸ್ವಲ್ಪ ಖಾರ.

ಆ ಚಳಿಗಾಲದಲ್ಲಿ ಮಾತಿನ ಖಾರ ಹಾಗೇ ಉಳಿಯಿತು, ಊಟದ ಖಾರ ಹೋಯಿತು. ಮೊದಲು ಉಪ್ಪಿನಕಾಯಿ ಬೇಡ ಎಂದರು. ಆಮೇಲೆ ಅವರೆಕಾಳಿನ ಸಾರಿನಲ್ಲಿ ಕಾಳು ಬಿಟ್ಟು ಬರೀ ತಿಳಿ ಕೇಳಿದರು. ಸಂಕ್ರಾಂತಿಯಲ್ಲಿ ಎಳ್ಳು ಬೆಲ್ಲ ಕೈಗೆ ಕೊಟ್ಟರೆ ಸೆರಗಿನ ತುದಿಗೆ ಕಟ್ಟಿಕೊಂಡರು. ಮೂರು ದಿನದ ಮೇಲೆ ಸೀರೆ ಒಗೆಯುವಾಗ ಆ ಗಂಟು ನನಗೆ ಹಾಗೇ ಸಿಕ್ಕಿತು. ಮುದ್ದೆ ಮಾತ್ರ ತಿನ್ನುತ್ತಿದ್ದರು. ಅದರಿಂದಲೇ ನಾವು ಮೋಸ ಹೋಗಿದ್ದು. ನಮ್ಮ ಕಡೆ ಮುದ್ದೆ ಅಗಿಯುವ ಊಟವಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುವುದು. ಬಾಯಲ್ಲಿ ಒಂದೂ ಹಲ್ಲಿಲ್ಲದವರು ಸಹ ಎಲ್ಲರ ಪಂಕ್ತಿಯಲ್ಲಿ ಕೂತು ಮುದ್ದೆ ಉಂಡು ಏಳಬಹುದು, ಪಕ್ಕದವರಿಗೆ ಗೊತ್ತೇ ಆಗುವುದಿಲ್ಲ. ಅತ್ತೆಯ ಒಂದು ಮುದ್ದೆ ಅರ್ಧವಾಯಿತು. ಅರ್ಧ ಹೋಗಿ ಅಂಬಲಿಯಾಯಿತು. ಅಂಬಲಿಯನ್ನೂ ತಣ್ಣಗೆ ಮಾಡಿಕೊಂಡು, ಗೋಡೆ ಕಡೆ ತಿರುಗಿ ಕುಡಿಯತೊಡಗಿದರು.

ಕೇಳಿದಾಗಲೆಲ್ಲ ಒಂದೇ ಉತ್ತರ. "ಒಟ್ಟೆ ಅಸಿಯಕಿಲ್ಲ ಕಣಮ್ಮಿ. ವಯಸ್ಸಾಯ್ತು, ಇನ್ನೆಷ್ಟು ತಿನ್ನಾನ."

ಶಿವರಾತ್ರಿ ಹೊತ್ತಿಗೆ ಅವರ ರವಿಕೆಗಳನ್ನೆಲ್ಲ ಎರಡು ಸಲ ಒಳಗೆ ಹಿಡಿದು ಹೊಲಿದಿದ್ದೆ. ಒಂದು ಮಧ್ಯಾಹ್ನ ಅಂಗನವಾಡಿಗೆ ಕರೆದುಕೊಂಡು ಹೋಗಿ ಬಸುರಿಯರನ್ನು ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದೆ. ನಲವತ್ತು ಕೆಜಿ. ಹಿಂದಿನ ವರ್ಷ ಆಸ್ಪತ್ರೆಯ ಚೀಟಿಯಲ್ಲಿ ನಲವತ್ತೊಂಬತ್ತು ಇತ್ತು. ತಕ್ಕಡಿ ಕೆಟ್ಟಿರಬೇಕು ಅಂತ ಅವರನ್ನು ಇಳಿಸಿ ನಾನು ಹತ್ತಿ ನೋಡಿದೆ. ನನ್ನ ತೂಕ ಸರಿಯಾಗಿಯೇ ಇತ್ತು. ಮಕ್ಕಳ ತೂಕ ಇಳಿದರೆ ಚಾರ್ಟಿನಲ್ಲಿ ಕೆಂಪು ಬಣ್ಣದ ಕಡೆಗೆ ಚುಕ್ಕೆ ಇಟ್ಟು ಮೇಲಿನವರಿಗೆ ತಿಳಿಸುತ್ತೇವೆ. ಅತ್ತೆಗೆ ಅಂಥ ಚಾರ್ಟಿಲ್ಲ. ಯಾರಿಗೆ ತಿಳಿಸುವುದು?

ನಮ್ಮವರು ಅವರನ್ನು ಅರಕಲಗೂಡಿಗೆ ಕರೆದುಕೊಂಡು ಹೋಗಿ ಒಬ್ಬ ಡಾಕ್ಟರಿಗೆ ತೋರಿಸಿದರು. ರಕ್ತ ಪರೀಕ್ಷೆ ಆಯಿತು, ಒಂದು ಬಾಟಲಿ ಗ್ಲೂಕೋಸ್ ಹಾಕಿದ್ದಾಯಿತು, ಟಾನಿಕ್ಕು ಬಂತು. ಸಕ್ಕರೆ ಜಾಸ್ತಿಯಾಗಿದೆ, ವಯಸ್ಸೂ ಆಗಿದೆ, ಚೆನ್ನಾಗಿ ನೋಡಿಕೊಳ್ಳಿ ಎಂದರಂತೆ. ಊಟವನ್ನೇ ಮಾಡದವರಿಗೆ ಸಕ್ಕರೆ ಹೇಗೆ ಜಾಸ್ತಿಯಾಯಿತು ಎಂದು ನನಗೆ ಅರ್ಥವಾಗಲಿಲ್ಲ. ಕೇಳಲು ನಾನು ಅಲ್ಲಿರಲಿಲ್ಲ. ನಮ್ಮವರಿಗೆ ಕೇಳಬೇಕು ಅನ್ನಿಸಲಿಲ್ಲ.

ಆಮೇಲೆ ಬಂದವಳು ನಾದಿನಿ. ಅವಳನ್ನು ಹೊಳೆನರಸೀಪುರದ ಹತ್ತಿರ ಹಳೇಕೋಟೆಗೆ ಕೊಟ್ಟಿದೆ. ಅವ್ವನನ್ನು ನೋಡಿದವಳೇ ನಿಂತುಬಿಟ್ಟಳು. ನನಗೆ ಏನೂ ಅನ್ನಲಿಲ್ಲ. ಸೀದಾ ಅಡುಗೆಮನೆಗೆ ಬಂದು ಸಾರಿನ ಪಾತ್ರೆಯ ಮುಚ್ಚಳ ತೆಗೆದು, ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿ, ಖಾರ ಸ್ವಲ್ಪ ಮುಂದಾಯಿತೇನೋ ಅಂದಳು. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಆ ಒಂದು ಮಾತು ನನ್ನನ್ನು ವಾರಗಟ್ಟಲೆ ತಿಂದಿತು. ಊರಿನಲ್ಲಿ ಬೇರೆ ಎಷ್ಟು ಜನ ಹಾಗೆ ಅಂದುಕೊಳ್ಳುತ್ತಿರಬಹುದು? ಊರ ಮಕ್ಕಳಿಗೆಲ್ಲ ಮೊಟ್ಟೆ ಬೇಯಿಸಿ ಹಾಕುವವಳು, ಮನೆಯಲ್ಲಿ ಅತ್ತೆಯನ್ನು ಒಣಗಿಸುತ್ತಿದ್ದಾಳೆ ಅಂತ. ಅಂಗನವಾಡಿಗೆ ಹೋಗುವಾಗ ಕಟ್ಟೆಯ ಮೇಲೆ ಕೂತ ಹೆಂಗಸರು ಮಾತು ನಿಲ್ಲಿಸಿದರೆ ನಾನು ತಲೆ ತಗ್ಗಿಸಿ ಬೇಗ ಬೇಗ ನಡೆಯುತ್ತಿದ್ದೆ.

ನಾದಿನಿ ಅವ್ವನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಅಲ್ಲಿ ಊಟ ಸೇರಿದರೆ ನನ್ನ ಮಾನ ಹೋಗುತ್ತದೆ, ಸೇರದಿದ್ದರೆ ಅತ್ತೆ ಉಳಿಯುವುದಿಲ್ಲ. ಎರಡರಲ್ಲಿ ಯಾವುದು ಆಗಲಿ ಎಂದು ಬೇಡಿಕೊಳ್ಳಬೇಕೋ ತಿಳಿಯದೆ ಆ ಹತ್ತು ದಿನ ಕಳೆದೆ. ಹತ್ತನೆಯ ದಿನ ಅವಳೇ ವಾಪಸ್ಸು ತಂದು ಬಿಟ್ಟಳು. ಅತ್ತೆ ಇನ್ನೂ ಇಳಿದಿದ್ದರು. ನಾದಿನಿ ನನ್ನ ಮುಖ ನೋಡದೆ ಮುಂದಿನ ಬಸ್ಸಿಗೇ ಹೊರಟುಹೋದಳು. ಅಲ್ಲಿಂದಾಚೆಗೆ ನೆಂಟರು ಬರತೊಡಗಿದರು. ಹಣ್ಣು, ಬ್ರೆಡ್ಡು ತಂದು, ಮಂಚದ ಪಕ್ಕ ಸ್ವಲ್ಪ ಹೊತ್ತು ಕೂತು, ಹೊರಗೆ ಬಂದು ನಮ್ಮವರ ಹತ್ತಿರ ತಗ್ಗಿದ ದನಿಯಲ್ಲಿ ಮಾತಾಡಿ ಹೋಗುವವರು. ಅವರು ಯಾಕೆ ಬರುತ್ತಿದ್ದಾರೆಂದು ಅತ್ತೆಗೂ ಗೊತ್ತಿತ್ತು.

ನಾನು ಇದನ್ನೆಲ್ಲ ಒಂದು ಸಲ ನೋಡಿದ್ದೆ. ನನ್ನ ತವರು ಚನ್ನರಾಯಪಟ್ಟಣದ ಪಕ್ಕದ ಊರು. ನಮ್ಮವ್ವ ಅಣ್ಣನ ಮನೆಯಲ್ಲಿದ್ದಳು. ಮೂರು ವರ್ಷದ ಕೆಳಗೆ ಹೀಗೇ ಊಟ ಕಡಿಮೆ ಮಾಡುತ್ತಾ ಬಂದಳು. ನಾನು ಹೋದಾಗಲೆಲ್ಲ ಕೋಡುಬಳೆ ಮಾಡಿಕೊಂಡು ಹೋಗುತ್ತಿದ್ದೆ. ಅವಳಿಗೆ ಪ್ರಾಣ ಅದು. ಅವಳು ಅದನ್ನು ಮೊಮ್ಮಕ್ಕಳಿಗೆ ಹಂಚಿ, ತಾನು ಟೀಯಲ್ಲಿ ಬನ್ನು ನೆನೆಸಿಕೊಂಡು ತಿನ್ನುತ್ತಿದ್ದಳು. ಮೊಮ್ಮಕ್ಕಳ ಮೇಲಿನ ಪ್ರೀತಿ ಅಂದುಕೊಂಡೆ. ಆಮೇಲೆ ಬನ್ನೂ ಬೇಡವಾಯಿತು. ವಯಸ್ಸಾಯಿತು ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಒಂದು ಬೆಳಿಗ್ಗೆ ಫೋನ್ ಬಂತು. ಅವಳ ಬಾಯಲ್ಲಿ ಏನಿತ್ತು, ಏನಿರಲಿಲ್ಲ, ನನಗೆ ಗೊತ್ತಿಲ್ಲ. ಕೊನೆಯ ಆರು ತಿಂಗಳಲ್ಲಿ ಒಂದು ಸಲವೂ ನಾನು ನೋಡಲಿಲ್ಲ.

ಅತ್ತೆಯ ವಿಷಯದಲ್ಲಿ ಕಣ್ಣು ತೆರೆಸಿದ್ದು ನಾಲ್ಕು ವರ್ಷದ ಒಂದು ಹುಡುಗಿ. ವರ್ಷಕ್ಕೆ ಎರಡು ಸಲ ನಮ್ಮ ಅಂಗನವಾಡಿಗೆ ಮಕ್ಕಳ ಆರೋಗ್ಯ ತಪಾಸಣೆಯ ತಂಡ ಬರುತ್ತದೆ. ಆ ಸಲ ಬಂದ ಡಾಕ್ಟರಿಗೆ ನಾನು ಆ ಹುಡುಗಿಯನ್ನು ತೋರಿಸಿ, ಮೊಟ್ಟೆ ಕೊಟ್ಟರೆ ಉಗಿಯುತ್ತಾಳೆ, ತುಂಬಾ ಹಟ, ತೂಕ ಏರುತ್ತಿಲ್ಲ ಎಂದು ದೂರು ಹೇಳಿದೆ. ಅವರು ಬೇರೇನೂ ಮಾಡಲಿಲ್ಲ. ಬಾಯಿ ತೆಗೆಸಿ ಬ್ಯಾಟರಿ ಬಿಟ್ಟು ನನ್ನನ್ನು ಹತ್ತಿರ ಕರೆದರು. ಹಿಂದಿನ ಎರಡು ದವಡೆ ಹಲ್ಲು ಹುಳುಕು ಹಿಡಿದು ಕಪ್ಪಾಗಿ, ಒಸಡಿನಲ್ಲಿ ಕೀವಿನ ಗುಳ್ಳೆ ಇತ್ತು.

"ಇದು ಹಟ ಅಲ್ಲ ಟೀಚರ್, ನೋವು" ಎಂದರು. "ತಿನ್ನಲ್ಲ ಅಂದ್ರೆ ಮೊದಲು ಬಾಯಿ ನೋಡಿ. ಮಕ್ಕಳಾಗಲಿ, ಮುದುಕರಾಗಲಿ."

ಅವರು ಅದನ್ನು ಸುಮ್ಮನೆ ಹೇಳಿ ಮುಂದಿನ ಮಗುವಿಗೆ ಹೋದರು. ನಾನು ಅಲ್ಲೇ ನಿಂತಿದ್ದೆ. ಅಟ್ಟದ ಮೇಲೆ ಹೋದ ಕುಟ್ಟಾಣಿ, ಸೆರಗಿನಲ್ಲಿ ಉಳಿದ ಎಳ್ಳು, ಗೋಡೆ ಕಡೆ ತಿರುಗಿ ಕುಡಿದ ಅಂಬಲಿ, ಎಲ್ಲ ಒಟ್ಟಿಗೆ ತಲೆಗೆ ಬಂತು. ಅತ್ತೆ ಎಲೆ ಅಡಿಕೆ ಬಿಟ್ಟಿದ್ದು ನನ್ನ ಮಾತಿಗಲ್ಲ. ಸುಣ್ಣ ಉರಿಯುತ್ತಿದ್ದುದರಿಂದ.

ಆ ದಿನ ಮಧ್ಯಾಹ್ನ ಮನೆಗೆ ಬಂದು ಬಾಯಿ ತೆಗೆಯಿರಿ ಎಂದೆ. ಅತ್ತೆ ಸೆರಗು ಮುಚ್ಚಿಕೊಂಡರು. ಮಾರನೆಯ ದಿನವೂ ಹಾಗೇ. ನನ್ನ ಬಾಯಿ ನೋಡಲು ನೀನು ಯಾವ ಡಾಕ್ಟರು ಎಂದು ಗದರಿದರು. ಮೂರನೆಯ ದಿನ ಹಿತ್ತಲಿನಲ್ಲಿ ಬಿಸಿಲಿಗೆ ಕೂತಿದ್ದಾಗ ನಾನು ಪಕ್ಕದಲ್ಲಿ ಕೂತು ಏನೂ ಕೇಳದೆ ಅವರ ಕೈ ಹಿಡಿದುಕೊಂಡೆ. ಎಲುಬು ಮಾತ್ರ ಸಿಕ್ಕಿತು. ಬಹಳ ಹೊತ್ತಾದ ಮೇಲೆ ಅವರು ತಾವಾಗಿಯೇ ಬಾಯಿ ತೆಗೆದರು.

ಎಡಗಡೆ ಕೆಳಗೆ ಒಂದೇ ಒಂದು ದವಡೆ ಹಲ್ಲು ಉಳಿದಿತ್ತು. ಅದೂ ಮುರಿದು ಅದರ ಅಂಚು ಗಾಜಿನ ಚೂರಿನ ಹಾಗೆ ನಿಂತಿತ್ತು. ಅದಕ್ಕೆ ತಾಗುವ ಕಡೆ ನಾಲಿಗೆಯ ಬದಿಯಲ್ಲಿ ಕಡಲೆಬೀಜದಷ್ಟು ದೊಡ್ಡ ಹುಣ್ಣು. ನಡುವೆ ಬೆಳ್ಳಗೆ, ಸುತ್ತ ಕೆಂಪಗೆ. ವಾಸನೆ ಬರುತ್ತಿತ್ತು. ನನ್ನ ಮುಖ ಬದಲಾಗಿದ್ದನ್ನು ಅವರು ನೋಡಿದರು.

ಯಾವಾಗಿಂದ ಎಂದು ಕೇಳಿದೆ. ಗೌರಿ ಹಬ್ಬಕ್ಕೆ ಮೊದಲಿಂದ ಎಂದರು. ಆರು ತಿಂಗಳ ಮೇಲಾಗಿತ್ತು.

"ಯಾಕೆ ಯೋಳ್ನಿಲ್ಲ ಅತ್ತೆ?"

"ಯೋಳಿ ಏನ್ ಮಾಡಾದು. ನಮ್ಮಣ್ಣಂಗೂ ಇಂಗೇ ಸುರುವಾಗಿದ್ದು. ಆಸ್ಪತ್ರೇಲಿ ಕತ್ತರಿ ಆಕುದ್ರು, ಆಮೇಕೆ ಮೂರು ತಿಂಗ್ಳೂ ಉಳೀನಿಲ್ಲ. ಕತ್ತರಿ ಮುಟ್ಟುದ್ರೆ ಅದು ಅಬ್ಬತದೆ ಕಣಮ್ಮಿ. ಸುಮ್ಕಿದ್ರೆ ಒಂದೆರಡು ವರ್ಷನಾದ್ರೂ ಇರ್ತೀನಿ ಅಂತ."

ಅವರು ಸಾಯಲು ಹೊರಟಿದ್ದರು ಅಂತ ನಾವೆಲ್ಲ ತಿಳಿದಿದ್ದೆವು. ಅವರು ಬದುಕಿಕೊಳ್ಳಲು ಬಾಯಿ ಮುಚ್ಚಿಕೊಂಡಿದ್ದರು.

ಮಾರನೆಯ ದಿನವೇ ರಜೆ ಹಾಕಿ, ಹಲ್ಲು ಮಾತ್ರ ತೋರಿಸೋಣ ಎಂದು ಅತ್ತೆಯನ್ನು ಒಪ್ಪಿಸಿ ಅರಕಲಗೂಡಿಗೆ ಹೊರಟೆ.  ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು; ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಕ್ಲಿನಿಕ್ಕು. ಮೆಟ್ಟಿಲು ಕಡಿದಾಗಿದ್ದರಿಂದ ಅವರೇ ಕೆಳಗಿಳಿದು ಬಂದು ಅತ್ತೆಯ ಇನ್ನೊಂದು ತೋಳು ಹಿಡಿದು ಹತ್ತಿಸಿದರು. ಮೊದಲು ಯಾವಾಗ ಹಲ್ಲು ತೋರಿಸಿದ್ದಿರಿ ಅಜ್ಜಿ ಎಂದು ಕೇಳಿದರು. ಅತ್ತೆಗೆ ಆ ಭಯದಲ್ಲೂ ನಗು ಬಂತು. ಹಲ್ಲನ್ನು ಯಾರಾದರೂ ತೋರಿಸುತ್ತಾರೆಯೇ, ಅಲ್ಲಾಡಿದರೆ ದಾರ ಕಟ್ಟಿ ಎಳೆಯುವುದು ಎಂದರು.

ಡಾಕ್ಟರು ಕೈಗವಸು ಹಾಕಿಕೊಂಡು ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಹುಣ್ಣಿನ ಸುತ್ತ ಬೆರಳಿನಿಂದ ಒತ್ತಿದರು. ಕತ್ತಿನ ಎರಡೂ ಕಡೆ ಗಂಟಿದೆಯಾ ಎಂದು ಮುಟ್ಟಿ ನೋಡಿದರು. ಅಷ್ಟು ಹೊತ್ತು ನಾನು ಅವರ ಹುಬ್ಬುಗಳನ್ನೇ ನೋಡುತ್ತಿದ್ದೆ. ಕೊನೆಗೆ ಅತ್ತೆಯನ್ನು ಹೊರಗೆ ಕೂರಿಸಿ ಬಂದು ನಾನೇ ಕೇಳಿದೆ, ಕ್ಯಾನ್ಸರಾ ಎಂದು.

"ಈಗ್ಲೇ ಹೇಳಕ್ಕಾಗಲ್ಲ. ಹಲ್ಲು ಚುಚ್ಚಿ ಚುಚ್ಚಿ ಆಗಿರೋ ಹುಣ್ಣೂ ಹೀಗೇ ಕಾಣುತ್ತೆ. ಮೊದಲು ಹಲ್ಲಿನ ಕಾಟ ತೆಗೆಯೋಣ. ಹದಿನೈದು ದಿನ ನೋಡೋಣ. ವಾಸಿ ಆಗದಿದ್ರೆ ಹಾಸನದಲ್ಲಿ ಒಂದು ಚೂರು ತೆಗೆದು ಪರೀಕ್ಷೆ ಮಾಡಿಸಬೇಕು" ಎಂದರು.

ಸಕ್ಕರೆ ಏರಿದ್ದ ವಿಷಯವನ್ನೂ ಅವರೇ ಬಿಡಿಸಿ ಹೇಳಿದರು. ಅತ್ತೆಯ ಹಾಗೆ ಒಸಡಿನಲ್ಲಿ ಕೀವು ಇದ್ದರೆ ಸಕ್ಕರೆ ಹತೋಟಿಗೆ ಬರುವುದಿಲ್ಲ, ಸಕ್ಕರೆ ಏರಿದರೆ ಒಸಡು ಇನ್ನೂ ಕೆಡುತ್ತದೆ, ಒಂದನ್ನೊಂದು ಎಳೆಯುತ್ತದೆ ಎಂದು. ವಯಸ್ಸಾದವರನ್ನು ನೋವಿರಲಿ ಬಿಡಲಿ ಆರು ತಿಂಗಳಿಗೊಮ್ಮೆ ಕರೆದುಕೊಂಡು ಬರಬೇಕು, ಹಲ್ಲೇ ಇಲ್ಲದಿದ್ದರೂ ನಾಲಿಗೆ, ಒಸಡು, ಕೆನ್ನೆ ಇರುತ್ತದಲ್ಲ ಎಂದರು. ಅಗಿಯಲು ಆಗದವರು ಮೊದಲು ಕಾಳು ಬಿಡುತ್ತಾರೆ, ಆಮೇಲೆ ತರಕಾರಿ, ಆಮೇಲೆ ಮೈಯ ಶಕ್ತಿಯೇ ಹೋಗುತ್ತದೆ. ಮನೆಯವರು ಅದನ್ನು ವಯಸ್ಸು ಅಂದುಕೊಳ್ಳುತ್ತಾರೆ ಎಂದು ಹೇಳುತ್ತಿದ್ದಾಗ ನಾನು ನೆಲ ನೋಡುತ್ತಿದ್ದೆ. ನನ್ನ ಕಣ್ಣಿನ ಮುಂದೆ ಅತ್ತೆ ಇರಲಿಲ್ಲ, ಟೀ ಲೋಟದ ಮುಂದೆ ಕೂತ ನಮ್ಮವ್ವ ಇದ್ದಳು.

ಆ ದಿನ ಹಲ್ಲಿನ ಚೂಪು ಅಂಚನ್ನು ಮಾತ್ರ ಉಜ್ಜಿ ನುಣುಪು ಮಾಡಿದರು. ಒಸಡಿಗೆ ಔಷಧಿ ಕೊಟ್ಟರು. ಮೊದಲು ತೋರಿಸಿದ್ದ ಡಾಕ್ಟರ ಹತ್ತಿರ ಸಕ್ಕರೆ ಮಾತ್ರೆ ಬದಲಾಯಿತು. ವಾರದ ಮೇಲೆ ಸಕ್ಕರೆ ಇಳಿದಿದ್ದನ್ನು ಖಾತ್ರಿ ಮಾಡಿಕೊಂಡು ಹಲ್ಲು ಕಿತ್ತರು. ಅತ್ತೆ ಅದಕ್ಕೆ ಕಮಕ್ ಕಿಮಕ್ ಅನ್ನಲಿಲ್ಲ. ಹಲ್ಲಿನ ಭಯ ಅವರಿಗೆ ಇರಲೇ ಇಲ್ಲ. ಭಯವಿದ್ದುದು ಕತ್ತರಿಯದು.

ಹದಿನೈದು ದಿನ. ದಿನಾ ಬೆಳಿಗ್ಗೆ ಹಾಲು ಕರೆದ ಮೇಲೆ ಅವರನ್ನು ಬಾಗಿಲ ಬೆಳಕಿಗೆ ಕೂರಿಸಿ ಬ್ಯಾಟರಿ ಬಿಟ್ಟು ನೋಡುತ್ತಿದ್ದೆ. ಒಂದು ದಿನ ಸಣ್ಣದಾಗಿದೆ ಅನ್ನಿಸುತ್ತಿತ್ತು, ಮಾರನೆಯ ದಿನ ಅಷ್ಟೇ ಇದೆ ಅನ್ನಿಸುತ್ತಿತ್ತು. ಫೋನಿನಲ್ಲಿ ಫೋಟೋ ತೆಗೆದು ಹಿಂದಿನ ದಿನದ್ದಕ್ಕೆ ಹೋಲಿಸಿದರೆ ಬೆಳಕು ಬೇರೆ, ನಾಲಿಗೆ ತಿರುಗಿದ್ದು ಬೇರೆ, ಏನೂ ಗೊತ್ತಾಗುತ್ತಿರಲಿಲ್ಲ. ಅಂಗನವಾಡಿಯಲ್ಲಿ ಮಕ್ಕಳು ಹಾಡು ಹೇಳುತ್ತಿದ್ದರೆ ನಾನು ಆ ಫೋಟೋಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ನಮ್ಮವರು ಮಾತ್ರ ಒಂದು ದಿನವೂ ನೋಡಲಿಲ್ಲ. ಬಾಗಿಲಲ್ಲಿ ನಿಂತು, ಹೆಂಗದೆ ಎಂದು ಕೇಳಿ, ಉತ್ತರ ಪೂರ್ತಿ ಕೇಳದೆ ಹೊಲದ ಕಡೆ ನಡೆಯುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಒಂದು ದಿನ ಶುಂಠಿ ಹೊಲಕ್ಕೆ ಊಟ ತೆಗೆದುಕೊಂಡು ಹೋದಾಗ ಅವರು ಕೆಲಸ ಬಿಟ್ಟು ಬದುವಿನ ಮೇಲೆ ತಲೆ ಹಿಡಿದುಕೊಂಡು ಕೂತಿದ್ದರು. ಸೋದರಮಾವನನ್ನು ಆಸ್ಪತ್ರೆಯಿಂದ ತಂದಾಗ ಅವರಿಗೆ ಹದಿನಾರು ವರ್ಷವಂತೆ. ಆ ಮುಖ ಮರೆಯಲು ಆಗಿಲ್ಲ ಎಂದರು. ಆಮೇಲೆ ನಾನು ನೋಡಿ ಎಂದು ಬಲವಂತ ಮಾಡಲಿಲ್ಲ.

ಒಂದು ಒಳ್ಳೆಯದಾಗಿತ್ತು. ಚುಚ್ಚುವ ಅಂಚು ಹೋದ ನಾಲ್ಕನೆಯ ದಿನಕ್ಕೇ ಅತ್ತೆ ಮೊಟ್ಟೆ ಕೇಳಿದರು. ಹಿಸುಕಿ, ಉಪ್ಪು ಹಾಕಿ ಕೊಟ್ಟೆ. ಪೂರ್ತಿ ತಿಂದರು. ಸಂತೋಷಪಡಲು ನನಗೆ ಧೈರ್ಯವಾಗಲಿಲ್ಲ.

ಹದಿನೈದನೆಯ ದಿನ ಡಾಕ್ಟರು ನೋಡಿ, ಮುಕ್ಕಾಲು ಪಾಲು ಮಾಯ್ದಿದೆ ಎಂದರು. ಆದರೆ ಹಿಂಬದಿಯಲ್ಲಿ ಒಂದು ಬಿಳಿ ಮಚ್ಚೆ ಉಳಿದಿತ್ತು. ಅದು ಅವರಿಗೆ ಹಿಡಿಸಲಿಲ್ಲ. ಹಾಸನಕ್ಕೆ ಚೀಟಿ ಬರೆದುಕೊಟ್ಟರು.

ಮನೆಗೆ ಬಂದ ಮೇಲೆ ಅತ್ತೆ ಬರುವುದಿಲ್ಲ ಎಂದು ಕೂತರು. ಊಟ ಸೇರುತ್ತಿದೆ, ನೋವು ಹೋಗಿದೆ, ಇನ್ನು ಕತ್ತರಿ ಯಾಕೆ ಎನ್ನುವುದು ಅವರ ವಾದ. ಮಗ ಹೇಳಿದರೂ ಕೇಳಲಿಲ್ಲ. ನನ್ನಲ್ಲಿ ಹೇಳುವುದಕ್ಕೆ ಬೇರೆ ಏನೂ ಉಳಿದಿರಲಿಲ್ಲವಾದ್ದರಿಂದ ನಾನು ನಮ್ಮವ್ವನ ಕಥೆ ಹೇಳಿದೆ. ಕೋಡುಬಳೆ, ಬನ್ನು, ಎಲ್ಲ. ಇಷ್ಟು ವರ್ಷದಲ್ಲಿ ಅತ್ತೆಯ ಮುಂದೆ ನಾನು ತವರಿನ ವಿಷಯ ಹಾಗೆ ಮಾತಾಡಿರಲಿಲ್ಲ. ಮಾತು ಮುಗಿಯುವಷ್ಟರಲ್ಲಿ ನನಗೆ ಅಳು ಬಂದಿತ್ತು.

ಅತ್ತೆ ಕೇಳಿದರು: "ನಿಮ್ಮವ್ವನ ಬಾಯ ಯಾರೂ ನೋಡ್ನಿಲ್ವಾ?"

"ನೋಡ್ನಿಲ್ಲ ಅತ್ತೆ. ನಾನೂ ನೋಡ್ನಿಲ್ಲ."

"ಎಷ್ಟೊತ್ತಿಗೆ ಬಸ್ಸು?" ಎಂದರು.

ಹಾಸನದ ಆಸ್ಪತ್ರೆಯಲ್ಲಿ ಜನವೋ ಜನ. ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ಒಬ್ಬ ಗಂಡಸು ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಕೂತಿದ್ದ. ಟವೆಲ್ಲಿನ ಕೆಳಗೆ ಏನಿದೆ ಎಂದು ನಾನು ಯೋಚಿಸಬಾರದು ಎಂದುಕೊಂಡಷ್ಟೂ ಅದೇ ಯೋಚನೆ. ಅತ್ತೆ ಅವನನ್ನು ನೇರವಾಗಿ ನೋಡಿ, ಯಾವೂರಪ್ಪ ಎಂದು ಮಾತಾಡಿಸಿದರು. ಅವನು ಸಕಲೇಶಪುರದ ಕಡೆಯ ಊರು ಹೇಳಿದ. ಮರಗಟ್ಟುವ ಚುಚ್ಚುಮದ್ದು ಕೊಟ್ಟು ಚೂರು ತೆಗೆಯುವಾಗ ನನ್ನನ್ನು ಒಳಗೆ ಬಿಟ್ಟಿದ್ದರು. ಅತ್ತೆ ನನ್ನ ಮಣಿಕಟ್ಟು ಹಿಡಿದಿದ್ದರು. ಬಳೆ ಒತ್ತಿ ಎರಡು ದಿನ ಗೀರು ಹಾಗೇ ಇತ್ತು. ತೆಗೆದದ್ದು ಅಕ್ಕಿಕಾಳಿನಷ್ಟು. ಅದನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ಮೇಲೆ ಅತ್ತೆಯ ಹೆಸರು ಬರೆದರು. ರಿಪೋರ್ಟು ಬರಲು ಎಂಟು ಹತ್ತು ದಿನ.

ಅಷ್ಟು ದಿನ ನಾದಿನಿಗೆ ತಿಳಿಸಿರಲಿಲ್ಲ. ನಮ್ಮವರು ಬೇಡ ಎಂದಿದ್ದರು. ನಿಜ ಹೇಳಬೇಕೆಂದರೆ ನನಗೂ ಬೇಕಿರಲಿಲ್ಲ. ಕೆಟ್ಟದ್ದು ಬಂದರೆ ಇಷ್ಟು ದಿನ ಜೊತೆಯಲ್ಲಿದ್ದೂ ನೋಡಲಿಲ್ಲವಾ ಎಂದು ಮೊದಲು ಕೇಳುವವಳು ಅವಳೇ. ಆದರೆ ಹಾಸನದಿಂದ ಬಂದ ಮೇಲೆ ಮುಚ್ಚಿಡಲು ನನ್ನಿಂದ ಆಗಲಿಲ್ಲ. ಫೋನ್ ಮಾಡಿದೆ. ಮಾರನೆಯ ದಿನ ಮೊದಲ ಬಸ್ಸಿಗೇ ಬಂದಳು. ಅವ್ವನನ್ನು ಮಾತಾಡಿಸಿಕೊಂಡು ಅಡುಗೆಮನೆಗೆ ಬಂದಾಗ ನಾನು ಒಲೆ ಕಡೆ ತಿರುಗಿ ಬೆನ್ನು ಗಟ್ಟಿ ಮಾಡಿಕೊಂಡು ನಿಂತೆ. ಅವಳು ಗೋಡೆಗೆ ಒರಗಿ ನೆಲದ ಮೇಲೆ ಕುಸಿದು ಕೂತಳು.

"ನಾನು ನೋಡಿದ್ದೆ ಕಣತ್ತಿಗೆ" ಎಂದಳು. "ನಮ್ಮನೇಲಿದ್ದಾಗ ತಲೆದಿಂಬಿನ ಮ್ಯಾಲೆ ರಕ್ತ ಇತ್ತು, ಎರಡು ದಿನ. ಒಗೆದು ಒಣಗಾಕ್ದೆ. ಕೇಳಕೆ ಎದ್ರಿಕೆ ಆಯ್ತು. ಅದುಕ್ಕೇ ತಂದ್ ಬುಟ್ಬುಟ್ಟೆ."

 ಅಷ್ಟು ದಿನ ಅವಳಿಗೆ ಹೇಳಲು ಎಷ್ಟೋ ಮಾತು ಕೂಡಿಟ್ಟುಕೊಂಡಿದ್ದೆ. ಅದನ್ನೆಲ್ಲ ಬಿಟ್ಟೆ. ಅವಳ ಮುಂದೆ ಕಾಫಿ ಇಟ್ಟು ನಾನೂ ಪಕ್ಕದಲ್ಲಿ ಕೂತೆ. ರಿಪೋರ್ಟು ಬರುವವರೆಗೆ ಅವಳು ನಮ್ಮ ಮನೆಯಲ್ಲೇ ಉಳಿದಳು. ಇಬ್ಬರೂ ಸರದಿಯ ಮೇಲೆ ಅತ್ತೆಯ ಗಂಜಿ ಕಾಯಿಸುತ್ತಿದ್ದೆವು, ಸರದಿಯ ಮೇಲೆ ಹೆದರುತ್ತಿದ್ದೆವು.

ಒಂಬತ್ತನೆಯ ದಿನ ಹಾಸನಕ್ಕೆ ನಾನು ಮತ್ತು ನಮ್ಮವರು ಹೋದೆವು. ಡಾಕ್ಟರು ಕಾಗದ ಓದುವಾಗ ನಮ್ಮವರು ಎದ್ದು ನಿಂತುಬಿಟ್ಟರು. ಕ್ಯಾನ್ಸರ್ ಅಲ್ಲ ಎಂದು ಡಾಕ್ಟರು ಹೇಳಿದರು.  ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಆ ಜಾಗದ ಚರ್ಮ ಸ್ವಲ್ಪ ಬದಲಾಗಿದೆ, ಹೀಗೆ ಬದಲಾದದ್ದು ಹಾಗೇ ಇರಬಹುದು, ಹೋಗಬಹುದು, ಅಥವಾ ಮುಂದೆ ಕೆಡಬಹುದು. ತಂಬಾಕನ್ನು ಮತ್ತೆ ಮುಟ್ಟಕೂಡದು, ಮೂರು ತಿಂಗಳಿಗೊಮ್ಮೆ ತಪ್ಪದೆ ತೋರಿಸಬೇಕು ಎಂದರು. ಬಸ್ಸಿನಲ್ಲಿ ನಮ್ಮವರು ಮೊದಲ ಅರ್ಧವನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. ನನ್ನ ತಲೆಯಲ್ಲಿ ಎರಡನೆಯ ಅರ್ಧವೇ ಓಡುತ್ತಿತ್ತು.

ಆ ವಾರ ಚನ್ನರಾಯಪಟ್ಟಣಕ್ಕೆ ಅಣ್ಣನಿಗೆ ಫೋನ್ ಮಾಡಿದೆ. ಅವ್ವನಿಗೆ ಕೊನೆಗಾಲದಲ್ಲಿ ಬಾಯಿ ನೋವು ಇತ್ತಾ ಎಂದು ಕೇಳಿದೆ.  ಅವನು, ಬಿಸಿದು ಏನೂ ಕುಡೀತಿರಲಿಲ್ಲ, ಈಗ್ಯಾಕವ್ವ ಅದೆಲ್ಲ ಎಂದ. ನಾನೂ ಮುಂದೆ ಕೇಳಲಿಲ್ಲ. ಹಲ್ಲು ತೋರಿಸಿದ್ದರೆ ನಮ್ಮವ್ವ ಇನ್ನೂ ಇರುತ್ತಿದ್ದಳು ಎಂದು ನಾನು ಹೇಳಲಾರೆ. ಅವಳಿಗೆ ಬೇರೇನಾದರೂ ಇದ್ದಿರಬಹುದು. ತಿಳಿದುಕೊಳ್ಳುವ ದಾರಿ ಈಗ ಇಲ್ಲ. ಅಣ್ಣನಿಗೂ ಅತ್ತಿಗೆಗೂ ಹಲ್ಲು ತೋರಿಸಿಕೊಳ್ಳಿ ಎಂದಷ್ಟೇ ಹೇಳಿ ಫೋನ್ ಇಟ್ಟೆ.

ಇದೆಲ್ಲ ಆಗಿ ಈಗ ಒಂದೂವರೆ ವರ್ಷ. ಅತ್ತೆಗೆ ಕೆಳಗೂ ಮೇಲೂ ಹಲ್ಲಿನ ಸೆಟ್ಟು ಮಾಡಿಸಿದ್ದೇವೆ. ಮೊದಮೊದಲು ಊರ ಹೆಂಗಸರು ನಗುತ್ತಾರೆಂದು ಹಾಕಿಕೊಳ್ಳುತ್ತಿರಲಿಲ್ಲ. ಈಗ ಹಾಕಿಕೊಂಡು ಅವರೆಕಾಳನ್ನು ಕಾಳಾಗಿಯೇ ತಿನ್ನುತ್ತಾರೆ. ತೂಕ ನಲವತ್ತಾರಕ್ಕೆ ಬಂದಿದೆ. ಹಸುಗಳ ಉಸ್ತುವಾರಿ ಮತ್ತೆ ಅವರದೇ. ನಾದಿನಿ ತನ್ನ ಅತ್ತೆಯನ್ನು ಹೊಳೆನರಸೀಪುರದಲ್ಲಿ ಹಲ್ಲಿನ ಡಾಕ್ಟರಿಗೆ ತೋರಿಸಿಕೊಂಡು ಬಂದಳಂತೆ. ನಾನೂ ತೋರಿಸಿಕೊಂಡೆ, ಎರಡು ಹುಳುಕು ಇತ್ತು, ತುಂಬಿದರು. ನಮ್ಮವರು ಮಾತ್ರ ಇನ್ನೂ ಆ ಕುರ್ಚಿಯ ಮೇಲೆ ಕೂತಿಲ್ಲ. ನಂಗೇನಾಗೈತೆ ಎನ್ನುತ್ತಾರೆ. ಅವರಮ್ಮ ಆರು ತಿಂಗಳು ಮುಚ್ಚಿಟ್ಟಿದ್ದೂ ಹೀಗೇ ಎಂದು ನೆನಪಿಸಿದರೆ ಎದ್ದು ಹೋಗುತ್ತಾರೆ.

ಮೂರು ತಿಂಗಳಿಗೊಮ್ಮೆ ಅರಕಲಗೂಡಿಗೆ ಹೋಗುವ ದಿನ ಬೆಳಿಗ್ಗೆಯಿಂದಲೇ ನನಗೆ ಒಂದು ಕೆಲಸವೂ ಸರಿಯಾಗಿ ಆಗುವುದಿಲ್ಲ. ಅತ್ತೆ ಒಳ್ಳೆ ಸೀರೆ ಉಟ್ಟು, ತಲೆ ಬಾಚಿಕೊಂಡು, ನನಗಿಂತ ಮೊದಲು ಬಸ್ ನಿಲ್ದಾಣದಲ್ಲಿ ನಿಂತಿರುತ್ತಾರೆ. ಈಚೆಗೆ ಒಂದು ಸಲ ಡಾಕ್ಟರು ಒಂದು ಜಾಗದಲ್ಲಿ ಎಂದಿಗಿಂತ ಹೆಚ್ಚು ಹೊತ್ತು ನಿಂತರು. ಬೆಳಕನ್ನು ಹತ್ತಿರ ಎಳೆದುಕೊಂಡು ಒತ್ತಿ ನೋಡಿ, ಈ ಸಲ ಮೂರು ತಿಂಗಳಲ್ಲ, ಒಂದು ತಿಂಗಳಿಗೇ ಬನ್ನಿ ಎಂದರು. ಆ ತಿಂಗಳು ನಾನು ಹೇಗೆ ಕಳೆದೆ ಎಂದು ಬರೆಯಲು ಹೊರಟರೆ ಇದುವರೆಗೆ ಬರೆದದ್ದನ್ನೇ ಮತ್ತೆ ಬರೆಯಬೇಕಾಗುತ್ತದೆ. ತಿಂಗಳ ಮೇಲೆ ನೋಡಿದರೆ ಅದು ಸೆಟ್ಟು ಒತ್ತಿ ಆದ ಗಾಯ. ಹಿಂದಿನ ಸಲವೇ ಸೆಟ್ಟನ್ನು ಅಲ್ಲಿ ಸ್ವಲ್ಪ ಉಜ್ಜಿ ಕೊಟ್ಟಿದ್ದರು, ಮಾಯ್ದುಹೋಗಿತ್ತು.

ಕೆಳಗಿಳಿದು ಬರುವಾಗ ಅತ್ತೆ ಮೆಟ್ಟಿಲ ನಡುವೆ ನಿಂತು, "ನಿಂಗೇ ಬಿಪಿ ಬಂದದೆ ಕಣಮ್ಮಿ, ಮೊದ್ಲು ನೀನು ತೋರುಸ್ಕೊ" ಎಂದರು.

ತೋರಿಸಿಕೊಂಡೆ. ಇತ್ತು. ಈಗ ನಾನೂ ಒಂದು ಮಾತ್ರೆ ನುಂಗುತ್ತೇನೆ. ಅತ್ತೆ ತಟ್ಟೆಯಲ್ಲಿ ಒಂದು ತುತ್ತು ಬಿಟ್ಟರೂ ಯಾಕೆ ಎಂದು ಕೇಳುತ್ತೇನೆ. ಹೆಚ್ಚಿನ ಸಲ ಅವರಿಗೆ ಹೊಟ್ಟೆ ತುಂಬಿರುತ್ತದೆ, ಅಷ್ಟೇ.